ದನಿ ಏರಿಸದ ಸೊಸೆ

ಸೊಸೆ ದಿವ್ಯಶ್ರೀ ಈ ಮನೆಗೆ ಬಂದ ಮೇಲೆ ಒಂದು ದಿನವೂ ದನಿ ಏರಿಸಿದ್ದನ್ನು ಶಿವಮ್ಮ ಕಂಡಿರಲಿಲ್ಲ. ಬೇರೆ ಅತ್ತೆಯಾಗಿದ್ದರೆ ಪುಣ್ಯ ಮಾಡಿದ್ದೆ ಅಂದುಕೊಳ್ಳುತ್ತಿದ್ದಳೇನೋ. ಶಿವಮ್ಮನಿಗೆ ಅದೇ ಗುಮಾನಿ. ಗಂಡ ಮರುಳಸಿದ್ದಪ್ಪನ ಗಂಟಲಿಗೆ ಹೊಂದಿಕೊಂಡು ಬದುಕಿದ ಹೆಂಗಸು ಅವಳು. ಆತ ಕೂಗುತ್ತಾನೆ, ಕೂಗಿ ಸುಸ್ತಾದ ಮೇಲೆ ರೊಟ್ಟಿ ಕೇಳುತ್ತಾನೆ, ಅಲ್ಲಿಗೆ ಹೊಟ್ಟೆಯೊಳಗಿದ್ದದ್ದೆಲ್ಲ ಖಾಲಿ. ಕೂಗದೇ ಇರುವವರ ಹೊಟ್ಟೆಯಲ್ಲಿ ಏನಿರುತ್ತದೆ ಅಂತ ಯಾರು ಕಂಡರು? ಹಾಲುಕ್ಕಿ ಒಲೆ ಆರಿಹೋದಾಗ, ಮೈದಾ ಡಬ್ಬಕ್ಕೆ ನೀರು ಬಿದ್ದಾಗ, ಗಂಡ ಕಿರಣ್‌ಕುಮಾರ್ ಅಂಗಡಿಯ ಸಿಟ್ಟನ್ನೆಲ್ಲ ತಂದು ಅವಳ ಮೇಲೆ ಸುರಿದಾಗಲೂ ದಿವ್ಯಶ್ರೀ ಒಂದು ಗಳಿಗೆ ಸುಮ್ಮನೆ ನಿಂತು, ಆಮೇಲೆ ಮೆತ್ತಗೆ ಎರಡು ಮಾತಾಡಿ ಕೆಲಸಕ್ಕೆ ಹೋಗುತ್ತಿದ್ದಳು. ಅದೇನು ತಾಳ್ಮೆಯೋ, ತಾತ್ಸಾರವೋ ಶಿವಮ್ಮನಿಗೆ ತಿಳಿಯುತ್ತಿರಲಿಲ್ಲ.

ಕೊಡ್ಲಿಪೇಟೆಯ ದೊಡ್ಡ ರಸ್ತೆಯಲ್ಲಿ ಮರುಳಸಿದ್ದಪ್ಪನದು ಮೆಣಸು, ಏಲಕ್ಕಿಯ ಮಂಡಿ. ಮನೆಯ ಹಿಂದೆ ಒಂದಿಷ್ಟು ಕಾಫಿ ತೋಟ. ಊರಿನ ಹೈಸ್ಕೂಲು ನಡೆಸುವ ಸಂಘಕ್ಕೆ ಆತನೇ ಅಧ್ಯಕ್ಷ. ದಿವ್ಯಶ್ರೀ ಅಲ್ಲಿ ಕನ್ನಡದ ಟೀಚರು, ಒಂಬತ್ತನೇ ಕ್ಲಾಸಿನ ಜವಾಬ್ದಾರಿ ಅವಳದು. ಮಗಳು ಇಂಚರ ಅದೇ ಕ್ಲಾಸಿನಲ್ಲಿ ಓದುತ್ತಿದ್ದಳು. ಮಾವ ಕೊಡಿಸಿದ ಕೆಲಸ ಅಂತ ಊರವರು ಆಡಿಕೊಳ್ಳುವುದು ಮನೆಯವರಿಗೂ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಆಡಿಕೊಳ್ಳುತ್ತಿದ್ದದ್ದು ಅವಳು ಪಾಠ ಮಾಡುವ ರೀತಿಯನ್ನು. ಶಾಲೆಯಲ್ಲಿ ಗಂಟೆ ಹೊಡೆಯುವ, ಕ್ಲಾಸು ಗುಡಿಸುವ ತಂಗಮ್ಮ ದಿನಾ ಸಂಜೆ ಮಜ್ಜಿಗೆಗೆ ಬರುವಾಗ ಎಲ್ಲ ವರದಿ ಒಪ್ಪಿಸುತ್ತಿದ್ದಳು. ನಿಮ್ಮ ಸೊಸೆ ಆ ಪಡ್ಡೆ ಹುಡುಗರಿಗೂ ‘ನೀವು’ ಅನ್ನುತ್ತಾರೆ ಅಕ್ಕ. ಗಲಾಟೆಯಾದರೆ ಪಾಠ ನಿಲ್ಲಿಸಿ ಸುಮ್ಮನೆ ನಿಂತುಬಿಡುತ್ತಾರೆ, ಒಬ್ಬೊಬ್ಬರೇ ನಾಚಿಕೊಂಡು ಬಾಯಿ ಮುಚ್ಚುತ್ತಾರೆ. ತಪ್ಪು ಮಾಡಿದವರನ್ನು ಎಲ್ಲರೆದುರು ಬೈಯದೆ ಹೊರಗೆ ಕರೆದು ಅದೇನೋ ಮಾತಾಡುತ್ತಾರೆ. ಹೇಳುತ್ತ ಹೇಳುತ್ತ ತಂಗಮ್ಮ ನಗುವಳು. ಊರಲ್ಲಿ ‘ಬೆಣ್ಣೆ ಟೀಚರ್’ ಅಂತ ಹೆಸರಿಟ್ಟಿದ್ದಾರಂತೆ.

“ಹೊರಗೆ ಕರೆದು ಏನು ಮಾತಾಡ್ತಾಳೆ?” ಅಂತ ಶಿವಮ್ಮ ಕೇಳಿದರೆ ತಂಗಮ್ಮನಿಗೂ ಗೊತ್ತಿಲ್ಲ.

ಸಂಕ್ರಾಂತಿ ಕಳೆದ ವಾರ. ಕಣದಲ್ಲಿ ಕಾಫಿ ಒಣಗುತ್ತಿತ್ತು. ಶುಂಠಿ ವ್ಯಾಪಾರದ ದೇವರಾಜು ಪಿಕಪ್ಪನ್ನು ಗೇಟಿಗೆ ಅಡ್ಡ ನಿಲ್ಲಿಸಿ, ಕೈಯಲ್ಲಿ ಪ್ಲಾಸ್ಟಿಕ್ ಕವರು ಹಿಡಿದು ಬಂದ. ಚಪ್ಪಲಿಯನ್ನೂ ಬಿಡದೆ ಕವರಿನಲ್ಲಿದ್ದದ್ದನ್ನು ಜಗಲಿಯ ಮೇಲೆ ಸುರಿದ. ಕೆಂಪು ರಿಬ್ಬನ್ನು ಕಟ್ಟಿದ ಉದ್ದನೆಯ ಜಡೆ. ದೇವರಾಜುವಿನ ಮಗಳು ಸ್ಪಂದನಾ ತಲೆನೋವೆಂದು ಊಟದ ಬಿಡುವಿನಲ್ಲಿ ಬೆಂಚಿನ ಮೇಲೆ ತಲೆಯಿಟ್ಟು ಮಲಗಿದ್ದಳಂತೆ. ಯಾರೋ ಹಿಂದಿನಿಂದ ಬಂದು ಎರಡು ಜಡೆಯಲ್ಲಿ ಒಂದನ್ನು ಕುತ್ತಿಗೆಯ ಹತ್ತಿರಕ್ಕೆ ಕತ್ತರಿಸಿಬಿಟ್ಟಿದ್ದರು. ಸೊಂಟದಿಂದ ಕೆಳಗಿಳಿಯುವ ಅವಳ ಕೂದಲು ಊರಿಗೇ ಹೆಸರಾಗಿತ್ತು. ಹುಡುಗಿ ಪಿಕಪ್ಪಿನಲ್ಲೇ ಕೂತಿದ್ದಳು, ತಲೆಗೆ ಅಮ್ಮನ ಶಾಲು ಹೊದ್ದು.

“ನಿಮ್ಮ ಸ್ಕೂಲಲ್ಲಿ ಇದು ನಡೆಯೋದು ಅಧ್ಯಕ್ಷರೇ,” ಅಂದ ದೇವರಾಜು. “ಯಾರು ಅಂತ ಇವತ್ತೇ ಗೊತ್ತಾಗ್ಬೇಕು.”

ದಿವ್ಯಶ್ರೀ ಒಳಗಿಂದ ಬಂದವಳು ಮೊದಲು ಪಿಕಪ್ಪಿನ ಹತ್ತಿರ ಹೋಗಿ ಸ್ಪಂದನಾಳ ಜೊತೆ ಮಾತಾಡಿ ಬಂದಳು. ಆಮೇಲೆ ದೇವರಾಜುವಿಗೆ ಹೇಳಿದ್ದಿಷ್ಟು: ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿದ್ದೇನೆ, ಮಾಡಿದವರು ತಾವಾಗಿ ಬಂದು ಒಪ್ಪಿಕೊಳ್ಳಬೇಕು, ಅದಕ್ಕೆ ನಾಲ್ಕು ದಿನ ಹಿಡಿದೀತು. ಚೀಲ ತಪಾಸಣೆ ಮಾಡಿ, ಒಬ್ಬೊಬ್ಬರನ್ನೇ ನಿಲ್ಲಿಸಿ ಹೆದರಿಸಿದರೆ ಸುಳ್ಳು ಹೇಳುವುದನ್ನು ಕಲಿಸಿದ ಹಾಗಾಗುತ್ತದೆ.

“ಬರ್ತಾರೆ, ಬಂದು ಕಾಫಿ ಕುಡ್ಕೊಂಡು ಹೋಗ್ತಾರೆ,” ಅಂದ ದೇವರಾಜು.

ಮರುಳಸಿದ್ದಪ್ಪನಿಗೆ ಅವಮಾನವಾಯಿತು. ಯಾರ ಮಕ್ಕಳೇ ಆಗಲಿ, ಟೀಸಿ ಕೈಗೆ ಕೊಟ್ಟು ಕಳಿಸುತ್ತೇನೆ ಅಂತ ಗೇಟಿನ ತನಕ ಕೇಳುವ ಹಾಗೆ ಕೂಗಿ ಮಾತು ಕೊಟ್ಟ.

ಅವತ್ತು ಊಟಕ್ಕೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ. ವಿಭೂತಿ ಹಚ್ಚಿ ಪೂಜೆ ಮುಗಿಸಿ ಬಂದ ಮರುಳಸಿದ್ದಪ್ಪ ತಟ್ಟೆಯ ಮುಂದೆ ಕೂತು ಶುರುಮಾಡಿದ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಇವನನ್ನು ನಾನು ಬೆತ್ತದಲ್ಲೇ ಬೆಳೆಸಲಿಲ್ಲವೇ ಅಂತ ಮಗನ ಕಡೆ ಬೆರಳು ತೋರಿಸಿದ. ಕಿರಣ್‌ಕುಮಾರ್ ತಲೆಯೆತ್ತದೆ ರೊಟ್ಟಿ ಮುರಿಯುತ್ತ, ಅಪ್ಪ ಹೇಳುವುದರಲ್ಲಿ ತಪ್ಪೇನಿದೆ, ಮಂಡಿಗೆ ಬಂದವರೆಲ್ಲ ನನ್ನನ್ನೇ ಕೇಳುತ್ತಿದ್ದಾರೆ ಅಂತ ಹೆಂಡತಿಗೆ ಹೇಳಿದ.

“ನನಗೆ ಸ್ವಲ್ಪ ದಿನ ಕೊಡಿ ಮಾವ,” ಅಂದಳು ದಿವ್ಯಶ್ರೀ.

“ಏನು ಮಾಡೋಕೆ?”

“ಕಾಯೋಕೆ.”

ಮಾವ ಅರ್ಧ ರೊಟ್ಟಿ ಬಿಟ್ಟು ಎದ್ದ. ಇಂಚರ ಅದಕ್ಕೂ ಮೊದಲೇ ಎದ್ದುಹೋಗಿದ್ದಳು. ಅದನ್ನು ಶಿವಮ್ಮ ಅವತ್ತು ಗಮನಕ್ಕೆ ತಂದುಕೊಳ್ಳಲಿಲ್ಲ.

ದಿನ ಕಳೆದವು. ಯಾರೂ ಬರಲಿಲ್ಲ. ದಿವ್ಯಶ್ರೀ ಶಾಲೆ ಬಿಟ್ಟ ಮೇಲೂ ಕ್ಲಾಸಿನಲ್ಲಿ ಒಬ್ಬಳೇ ಕೂತಿರುತ್ತಾಳೆ, ಬಾಗಿಲು ತೆರೆದೇ ಇರುತ್ತದೆ ಅಂತ ತಂಗಮ್ಮ ಹೇಳಿದಳು. ಸ್ಪಂದನಾ ಉಳಿದ ಜಡೆಯನ್ನೂ ಕತ್ತರಿಸಿಕೊಂಡು ಗಂಡುಹುಡುಗರ ಹಾಗೆ ಕ್ರಾಪು ಬಿಟ್ಟು ಬಂದಳಂತೆ. ಊರು ಮಾತ್ರ ಕಾಯಲಿಲ್ಲ. ಯಾರೋ ರಾಜಿಯ ಹೆಸರೆತ್ತಿದರು. ಪಕ್ಕದ ಎಸ್ಟೇಟಿನ ಕೂಲಿ ಲೈನಿನ ಸಾಲುಮನೆಯಲ್ಲಿರುವ ನಿಂಗನ ಮಗಳು ರಾಜಿ. ಅವತ್ತು ಬೆಳಿಗ್ಗೆ ನಲ್ಲಿಯ ಹತ್ತಿರ ಅವಳಿಗೂ ಸ್ಪಂದನಾಳಿಗೂ ಮಾತಿಗೆ ಮಾತು ಬೆಳೆದಿತ್ತು ಅನ್ನುವುದಷ್ಟೇ ಆಧಾರ. ವಾರದೊಳಗೆ ಅದು ನೋಡಿದವರಿದ್ದಾರೆ ಅನ್ನುವಲ್ಲಿಗೆ ಬಂತು. ಯಾರು ನೋಡಿದವರು ಅಂದರೆ ಹೆಸರಿಲ್ಲ.

ಶಿವಮ್ಮನಿಗೆ ಬೇರೆಯದೇ ಒಂದು ಹುಳ ಕೊರೆಯತೊಡಗಿತ್ತು. ಪ್ರತಿ ಭಾನುವಾರ ಮೊಮ್ಮಗಳನ್ನು ಬಿಸಿಲಿಗೆ ಕೂರಿಸಿ ತಲೆಗೆ ಎಣ್ಣೆಯೊತ್ತಿ ಜಡೆ ಹಾಕುವುದು ಅವಳ ಕೆಲಸ. ಈ ಭಾನುವಾರ ಇಂಚರ ಹತ್ತಿರವೇ ಬರಲಿಲ್ಲ. ತಾನೇ ಬಾಚಿಕೊಳ್ಳುತ್ತೇನೆ ಅಂದಳು. ಹಿತಕಿದವರೆ ಸಾರೆಂದರೆ ಎರಡು ಸಲ ಹಾಕಿಸಿಕೊಳ್ಳುವ ಹುಡುಗಿ ತಟ್ಟೆಯಲ್ಲಿ ಕೈಯಾಡಿಸಿ ಎದ್ದಳು. ಹೋದಲ್ಲಿ ಬಂದಲ್ಲಿ ಅಮ್ಮನನ್ನೇ ನೋಡುತ್ತಿದ್ದಳು, ಅಮ್ಮ ತಿರುಗಿದರೆ ಕಣ್ಣು ತೆಗೆಯುತ್ತಿದ್ದಳು. ತಾಯಿ ಮಗಳು ಕೋಣೆಯಲ್ಲಿ ಇದ್ದಾರೆಂದು ಶಿವಮ್ಮ ಬಾಗಿಲ ಹತ್ತಿರ ನಿಂತರೆ ಒಂದು ಮಾತೂ ಕೇಳುತ್ತಿರಲಿಲ್ಲ. ಮಾತಾಡದೆ ಇಬ್ಬರೂ ಅಲ್ಲೇನು ಮಾಡುತ್ತಿದ್ದರು?

ಒಂದು ಮಧ್ಯಾಹ್ನ ಅತ್ತೆ ಸೊಸೆ ಹಿತ್ತಿಲಲ್ಲಿ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಶಿವಮ್ಮ ಸುತ್ತು ಬಳಸಲಿಲ್ಲ.

“ಯಾರು ಅಂತ ನಿಂಗೆ ಗೊತ್ತಾ?”

“ನನಗೆ ಯಾರೂ ಬಂದು ಹೇಳಿಲ್ಲ ಅತ್ತೆ.”

“ಅದಲ್ಲ ನಾನು ಕೇಳಿದ್ದು. ಗುಮಾನಿ ಐತಾ?”

“ಇದೆ.”

“ಯಾರ ಮೇಲೆ?”

“ಗುಮಾನಿ ಬಾಯಿಂದ ಆಚೆ ಬಿದ್ರೆ ಊರು ಅದನ್ನ ತೀರ್ಪು ಮಾಡ್ಕೊಳ್ಳುತ್ತೆ. ರಾಜಿ ಕಥೆ ನೋಡ್ತಿದ್ದೀರಲ್ಲ.”

ಶಿವಮ್ಮ ಎರಡು ಕಾಯಿ ಸುಲಿದಳು. ಆಮೇಲೆ ಕೇಳಿದಳು, “ನಮ್ಮನೇದೇ ಆಗಿದ್ರೆ?”

ದಿವ್ಯಶ್ರೀಯ ಉಗುರು ಸಿಪ್ಪೆಯಲ್ಲೇ ನಿಂತಿತು. “ಆಗಿದ್ರೂ ಅವಳೇ ಹೇಳ್ಬೇಕು,” ಅಂದಳು.

ಅವಳೇ. ನಮ್ಮ ಮಗು ಹಾಗೆಲ್ಲ ಮಾಡುವವಳಲ್ಲ ಅಂತ ಸೊಸೆ ಅನ್ನಲಿಲ್ಲ. ಶಿವಮ್ಮನ ಕೈಯಲ್ಲಿದ್ದ ಕಾಳು ಮೊರದಿಂದಾಚೆ ಬಿತ್ತು. ಸೊಸೆ ಅದನ್ನು ಹೆಕ್ಕಿ ಮೊರಕ್ಕೆ ಹಾಕಿದಳು, ಮುಖ ಎಂದಿನ ಹಾಗೆಯೇ ಇತ್ತು. ಶಿವಮ್ಮನಿಗೆ ಆಗ ಎಲ್ಲ ಬಿಡಿಸಿದ ಹಾಗಾಯಿತು. ಕಾಯುವುದು ಅಂದರೆ ಇದು! ಮಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಊರು ಇನ್ನೊಬ್ಬಳನ್ನು ಹಿಡಿಯುವ ತನಕ ಕಾಯುವುದು. ಬೆಣ್ಣೆಯಂಥ ಮಾತಿನ ಕೆಳಗೆ ಇಷ್ಟು ಇತ್ತಲ್ಲ ಅಂತ ಅವಳಿಗೆ ಸೊಸೆಯ ಮೇಲೆ ಅಸಹ್ಯವೂ ಆಯಿತು, ಒಂದು ಥರದ ಸಮಾಧಾನವೂ ಆಯಿತು. ಹಾಗಾದರೆ ಇವಳೂ ನಮ್ಮ ಹಾಗೆಯೇ.

ಸಂಜೆ ಕಣದಲ್ಲಿ ಒಣಗಲು ಹಾಕಿದ ಕಾಫಿಯನ್ನು ಹಲಗೆಯಿಂದ ಎಳೆಯುತ್ತಿದ್ದ ಇಂಚರಳ ಹತ್ತಿರ ಹೋದಳು. ಹುಡುಗಿ ಬಾಯಿ ತೆರೆಯುವ ಮೊದಲೇ ತಡೆದಳು.

“ನಂಗೇನೂ ಹೇಳ್ಬೇಡ ಮಗ. ಯಾರತ್ರಾನೂ ಬಾಯಿ ಬಿಡಬೇಡ. ನಾಲ್ಕು ದಿನ ಸುಮ್ನಿದ್ರೆ ಎಲ್ಲ ತಣ್ಣಗಾಗ್ತದೆ.”

“ರಾಜಿಗೆ ಟೀಸಿ ಕೊಡ್ತಾರಂತೆ ಅಜ್ಜಿ.”

“ಲೈನಿನೋರು ಇವತ್ತು ಇಲ್ಲಿ, ನಾಳೆ ಪಾಲಿಬೆಟ್ಟದಲ್ಲೋ ಕುಟ್ಟದಲ್ಲೋ ಪಿಕ್ಕಿಂಗ್‌ಗೆ ಹೋಗ್ತಾರೆ. ಅಲ್ಲೂ ಸ್ಕೂಲವೆ.”

ಇಂಚರ ಅಜ್ಜಿಯನ್ನು ಸ್ವಲ್ಪ ಹೊತ್ತು ನೋಡಿ, ಮತ್ತೆ ಕಾಫಿ ಎಳೆಯತೊಡಗಿದಳು.

ಮಾರನೆಯ ದಿನ ನಿಂಗ ಹಿತ್ತಿಲ ಬಾಗಿಲಿಗೆ ಬಂದ. ಕೆಲಸ ಬಿಟ್ಟು ಬಂದಿದ್ದ, ಕೈಯಲ್ಲಿ ಕಾಫಿ ಹಣ್ಣಿನ ಅಂಟು ಹಾಗೇ ಇತ್ತು. ಶಿವಮ್ಮ ಕಾಫಿ ಕೊಟ್ಟಳು. ಅವನು ಲೋಟ ಕೆಳಗಿಟ್ಟ. “ನನ್ ಮಗಳು ಮಾಡಿದ್ರೆ ನಾನೇ ಕೈ ಮುರೀತೀನಿ ಅಮ್ಮಾರೇ. ಮಾಡಿಲ್ಲ ಅಂತಾಳೆ. ಪಕ್ಕದಲ್ಲಿ ಯಾರೂ ಕೂರಲ್ವಂತೆ. ಟೀಚರಮ್ಮ ಮಾತ್ರ ನಂಬವ್ರೆ. ಅಯ್ಯಾವ್ರಿಗೆ ಒಂದು ಮಾತು ಹೇಳಿ.” ಶಿವಮ್ಮ ಹೇಳುತ್ತೇನೆ ಅಂದಳು. ಗಂಡನಿಗೆ ಹೇಳಲಿಲ್ಲ. ಅವತ್ತು ಅವಳು ಮಾಡಿದ ಸಾರಿನಲ್ಲಿ ಉಪ್ಪೇ ಇರಲಿಲ್ಲ. ಮರುಳಸಿದ್ದಪ್ಪ ಅದಕ್ಕೂ ಕೂಗಿದ.

ಶುಕ್ರವಾರ ಮಂಡಿ ಮುಚ್ಚಿ ಬಂದ ಮರುಳಸಿದ್ದಪ್ಪ ಕಾಲು ತೊಳೆಯುತ್ತಲೇ ತೀರ್ಮಾನ ಹೇಳಿದ. ನಾಳೆ ಕಮಿಟಿ ಸೇರುತ್ತದೆ, ಆ ಲೈನಿನ ಹುಡುಗಿಯ ಟೀಸಿಗೆ ಸಹಿ ಮಾಡುತ್ತೇನೆ, ದೇವರಾಜುವಿಗೂ ಹೇಳಿ ಕಳಿಸಿದ್ದೇನೆ, ಇನ್ನು ಈ ರಗಳೆ ಸಾಕು. ಎಲ್ಲರೂ ಊಟಕ್ಕೆ ಕೂತರು. ಶಿವಮ್ಮ ಬಡಿಸುತ್ತ ಯಾರ ಮುಖವನ್ನೂ ನೋಡಲಿಲ್ಲ. ಇನ್ನೊಂದು ದಿನ ಕಳೆದರೆ ಸಾಕು, ಮುಗಿಯಿತು.

“ರಾಜಿ ಮಾಡಿಲ್ಲ ಮಾವ,” ಅಂದಳು ದಿವ್ಯಶ್ರೀ. “ಅವಳಿಗೆ ಟೀಸಿ ಕೊಡೋದಾದ್ರೆ ಅದೇ ಮೀಟಿಂಗಲ್ಲಿ ನನ್ನ ರಾಜೀನಾಮೆನೂ ತಗೊಳ್ಳಿ.”

ಕಿರಣ್‌ಕುಮಾರ್ ತಟ್ಟೆ ಪಕ್ಕಕ್ಕೆ ಸರಿಸಿದ. ತಲೆ ಕೆಟ್ಟಿದೆಯಾ ಅಂತ ಹೆಂಡತಿಯನ್ನು ಕೇಳಿದ. ಮರುಳಸಿದ್ದಪ್ಪನ ದನಿ ಮನೆಯ ಮಾಡಿಗೆ ಮುಟ್ಟಿತು. ಅವಳಲ್ಲದಿದ್ದರೆ ಯಾರು, ಹೆಸರು ಹೇಳು, ಗೊತ್ತಿದ್ದೂ ಬಚ್ಚಿಡುತ್ತಿದ್ದೀಯ, ನನ್ನ ಮರ್ಯಾದೆ ಬೀದಿಗೆ ತರುತ್ತಿದ್ದೀಯ. ದಿವ್ಯಶ್ರೀ ಮಗಳ ಕಡೆಗೆ ತಿರುಗಲಿಲ್ಲ. ಆ ತಿರುಗದೇ ಇದ್ದದ್ದನ್ನು ಶಿವಮ್ಮ ನೋಡಿದಳು.

“ನಾನು ತಾತ,” ಅಂದಳು ಇಂಚರ.

ಯಾರಿಗೂ ತಕ್ಷಣಕ್ಕೆ ಅರ್ಥವಾಗಲಿಲ್ಲ. ಹುಡುಗಿ ಎದ್ದು ನಿಂತಳು, ಎಂಜಲು ಕೈ ಹಾಗೇ ಇತ್ತು. “ಸ್ಪಂದನಾ ಜಡೆ ಕತ್ತರಿಸಿದ್ದು ನಾನು.”

ಮರುಳಸಿದ್ದಪ್ಪ ದಡಕ್ಕನೆ ಎದ್ದ. ತಟ್ಟೆ ಕಾಲಿಗೆ ತಾಗಿ ಸಾರು ಚೆಲ್ಲಿತು. ಆ ಕೈ ಮೇಲೆದ್ದರೆ ಏನಾಗುತ್ತದೆಂದು ಶಿವಮ್ಮನಿಗೆ ಗೊತ್ತಿತ್ತು. ಕಿರಣನಿಗೂ ಗೊತ್ತಿತ್ತು, ಅವನು ಕೂತಲ್ಲೇ ಕುತ್ತಿಗೆ ತಗ್ಗಿಸಿದ. ಕೈ ಮೇಲೆದ್ದಿತು. ದಿವ್ಯಶ್ರೀ ಮಗಳ ಮುಂದೆ ಬಂದು ನಿಂತಳು. ಕೂಗಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ.

“ಕೂತ್ಕೊಳ್ಳಿ ಮಾವ. ಅವಳ ಮಾತು ಮುಗಿದಿಲ್ಲ.”

ಕಾಫಿ ಬೇಕಾ ಅಂತ ಕೇಳುವ ದನಿಯಲ್ಲೇ ಹೇಳಿದಳು. ಮರುಳಸಿದ್ದಪ್ಪ ಅವಳನ್ನೇ ನೋಡುತ್ತ ನಿಂತ. ಆ ಕೈಗೆ ಎಲ್ಲಿಗೆ ಹೋಗಬೇಕೆಂದು ತಿಳಿಯದ ಹಾಗಾಯಿತು. ಆಮೇಲೆ ಕೂತ. ಈ ಮನೆಯಲ್ಲಿ ಆತ ಬೇರೊಬ್ಬರು ಹೇಳಿದ್ದಕ್ಕೆ ಕೂತದ್ದನ್ನು ಶಿವಮ್ಮ ಮೊದಲ ಸಲ ನೋಡಿದಳು.

ಇಂಚರ ಹೇಳಿದಳು. ಸ್ಪಂದನಾ ದಿನಾ ಅಮ್ಮನ ಥರ ಕೈಕಟ್ಟಿ ಸುಮ್ಮನೆ ನಿಂತು ತೋರಿಸುತ್ತಿದ್ದಳಂತೆ, ಕ್ಲಾಸೆಲ್ಲ ನಗುತ್ತಿತ್ತಂತೆ. ನಿಮ್ಮಮ್ಮನಿಗೆ ಬೈಯೋಕೂ ಬರಲ್ಲ, ತಾತ ಕೊಡಿಸಿದ ಕೆಲಸ ಅಂದಳಂತೆ. “ಅಮ್ಮನಿಗೆ ಹೇಳಿದ್ರೆ ಅಮ್ಮ ಅವಳನ್ನ ಹೊರಗೆ ಕರೆದು ಮೆತ್ತಗೆ ಮಾತಾಡ್ತಿದ್ರು. ನಂಗೆ ಅದು ಬೇಕಿರಲಿಲ್ಲ.” ಇಷ್ಟು ಹೇಳಿ ಅತ್ತಳು. ದಿವ್ಯಶ್ರೀ ಕೇಳಿಸಿಕೊಂಡಳು. ಅವಳ ಮುಖದ ಬಣ್ಣ ಇಳಿದದ್ದು ಆಗ.

ಮನೆ ಮಾತು ಮನೆಯಲ್ಲೇ ಇರಲಿ ಅಂದ ಕಿರಣ್‌ಕುಮಾರ್. ರಾಜಿಯದ್ದೂ ಬಿಡೋಣ, ಇವಳದ್ದೂ ಬಿಡೋಣ, ಯಾರೂ ಸಿಗಲಿಲ್ಲ ಅಂತ ಮುಗಿಸೋಣ. ಶಿವಮ್ಮನಿಗೂ ಅದೇ ಸರಿ ಕಂಡಿತು. ಮರುಳಸಿದ್ದಪ್ಪ ಹೆಂಡತಿಯ ಮುಖ ನೋಡಿದ, ಮಗನ ಮುಖ ನೋಡಿದ, ಕೊನೆಗೆ ಸೊಸೆಯನ್ನು ಕೇಳಿದ, “ನೀನೇನಂತೀಯ?”

“ಅವಳನ್ನ ಕೇಳಿ.”

ಇಂಚರ ಸೋಮವಾರ ಕ್ಲಾಸಿನಲ್ಲಿ ಎಲ್ಲರೆದುರು ಹೇಳುತ್ತೇನೆ ಅಂದಳು. ತಾತ ಚೆಲ್ಲಿದ ಸಾರನ್ನು ನೋಡುತ್ತ, “ಅಷ್ಟರವರೆಗೆ ಆ ಲೈನಿನ ಮಗು ತಪ್ಪು ಹೊತ್ಕೊಂಡಿರ್ಬೇಕಾ? ನಾಳೆ ಕಮಿಟಿಗೆ ಬಾ,” ಅಂದ.

ಶನಿವಾರದ ಕಮಿಟಿಯಲ್ಲಿ ನಡೆದದ್ದನ್ನು ಶಿವಮ್ಮ ತಂಗಮ್ಮನಿಂದ ಕೇಳಿದಳು. ಅಧ್ಯಕ್ಷರೇ ಮೊಮ್ಮಗಳನ್ನು ಮುಂದೆ ನಿಲ್ಲಿಸಿ ಹೇಳಿಸಿದರಂತೆ. ಕೊಟ್ಟ ಮಾತಿನಂತೆ ಟೀಸಿ ಬರೆಯಿರಿ ಅಂದರಂತೆ. ಯಾರಿಗೂ ಟೀಸಿ ಬೇಡ ಅಂತ ದಿವ್ಯಶ್ರೀ ಅಂದಾಗ, ಸ್ವಂತ ಮಗಳಾದ ಮೇಲೆ ಬೇಡವೇ ಅಲ್ಲವಾ ಅಂತ ಮೂಲೆಯಿಂದ ಒಬ್ಬರು ನಕ್ಕರಂತೆ. ರಾಜಿಗೂ ಬೇಡ ಅಂದವಳು ನಾನೇ ಅಂತ ಅವಳು ಹೇಳಲಿಲ್ಲವಂತೆ, ತಲೆ ತಗ್ಗಿಸಿ ನಿಂತಿದ್ದಳಂತೆ. ದೇವರಾಜು ಹೊರಗೆ ಹೋಗಿ ಮಗಳ ಜೊತೆ ಮಾತಾಡಿ ಬಂದು ಹೇಳಿದನಂತೆ: “ಟೀಸಿ ಬೇಡ್ವಂತೆ. ಇವಳು ಹೋಗ್ಬಿಟ್ರೆ ನಾನು ಯಾರ ಮೇಲೆ ಸಿಟ್ಟು ಮಾಡ್ಕೊಳ್ಳಿ ಅಂತಾಳೆ.”

ಸೋಮವಾರ ಕ್ಲಾಸಿನಲ್ಲಿ ಇಂಚರ ಇನ್ನೊಮ್ಮೆ ಹೇಳಿದಳು. ಸ್ಪಂದನಾ ಕ್ಷಮಿಸಲಿಲ್ಲ. ನನ್ನ ಬೆಂಚಿಗೆ ಬರಬೇಡ ಅಂದಳು. ಇಂಚರ ಕೊನೆಯ ಬೆಂಚಿಗೆ ಹೋಗಿ ರಾಜಿಯ ಪಕ್ಕ ಕೂತಾಗ ರಾಜಿ ಚೀಲವನ್ನು ನಡುವೆ ಇಟ್ಟುಕೊಂಡಳು. ಆ ಚೀಲ ಇನ್ನೂ ಅಲ್ಲೇ ಇದೆಯೆಂದು ತಂಗಮ್ಮ ದಿನಾ ವರದಿ ಕೊಡುತ್ತಿದ್ದಳು. ಮರುಳಸಿದ್ದಪ್ಪ ಅಧ್ಯಕ್ಷಗಿರಿ ಬಿಟ್ಟ. ಮಂಡಿಯಲ್ಲಿ ಜನ ಮಾತ್ರ ಬೇರೆಯದೇ ಹೇಳುತ್ತಿದ್ದರು: ಎಲ್ಲ ಮೊದಲೇ ಕೂತು ಮಾತಾಡಿಕೊಂಡ ನಾಟಕ, ಆ ಬೆಣ್ಣೆ ಟೀಚರ್ ಏನು ಕಮ್ಮಿಯವಳಾ?

ಶಿವಮ್ಮ ಅದನ್ನು ಕೇಳಿಯೂ ಯಾರಿಗೂ ತಿರುಗಿ ಹೇಳಲಿಲ್ಲ. ಅದು ನಾಟಕವಲ್ಲ ಅಂತ ಹೇಳಲು ಅವಳಿಗೇ ಗ್ಯಾರಂಟಿ ಇರಲಿಲ್ಲ. ಫೆಬ್ರವರಿ ಮುಗಿಯುತ್ತ ಬಂತು. ಕಾಫಿ ಚೀಲಕ್ಕೆ ತುಂಬಿ ಆಯಿತು. ಮೆಣಸು ಬಿಡಿಸಲು ಶುರುವಾಯಿತು. ಅತ್ತೆ ಸೊಸೆ ಒಟ್ಟಿಗೆ ಅಡುಗೆ ಮಾಡುತ್ತಿದ್ದರು, ಬೇಕಾದಷ್ಟೇ ಮಾತಾಡುತ್ತಿದ್ದರು. ನಿಂಗ ರಸ್ತೆಯಲ್ಲಿ ಎದುರಾದರೆ ಶಿವಮ್ಮ ಅಂಗಡಿಯೊಳಗೆ ಹೊಕ್ಕುಬಿಡುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಕಡುಬಿಗೆ ಹಿಟ್ಟು ಉಂಡೆ ಕಟ್ಟುತ್ತ ಅವಳು ಇದ್ದಕ್ಕಿದ್ದ ಹಾಗೆ ಕೇಳಿದಳು, “ಅವಳು ಅವತ್ತು ಬಾಯಿ ಬಿಡದೇ ಇದ್ದಿದ್ರೆ ಏನ್ಮಾಡ್ತಿದ್ದೆ?”

ದಿವ್ಯಶ್ರೀ ಯೋಚಿಸಿದಳು. “ರಾಜೀನಾಮೆ ಕೊಡ್ತಿದ್ದೆ. ಅದಾದ್ಮೇಲೂ ರಾಜಿನ ಕಳಿಸಿದ್ರೆ ನಾನೇ ಇಂಚರನ ಹೆಸರು ಹೇಳ್ತಿದ್ದೆ. ಅವಳು ಆಮೇಲೆ ನನ್ನ ಅಮ್ಮ ಅಂತಿದ್ಲೋ ಇಲ್ವೋ. ಆ ವಾರ ಪೂರ್ತಿ ನಂಗೆ ನಿದ್ದೆ ಇರ್ಲಿಲ್ಲ ಅತ್ತೆ. ಅವಳ ಕೆನ್ನೆಗೆ ಎರಡು ಬಿಟ್ಟು ಬಾಯಿ ಬಿಡಿಸೋಣ ಅಂತ ಎಷ್ಟು ಸಲ ಅನ್ನಿಸಿತ್ತು.”

ಸೊಸೆಯ ಹೊಟ್ಟೆಯಲ್ಲಿ ಏನಿದೆಯೆಂದು ಶಿವಮ್ಮ ಮೊದಲ ಸಲ ಅವಳ ಬಾಯಿಂದಲೇ ಕೇಳಿದ್ದು ಅದು. ಅವಳ ಕೈಯಲ್ಲಿದ್ದ ಉಂಡೆ ಚಪ್ಪಟೆಯಾಯಿತು.

“ಬಾಯಿ ಬಿಡಬೇಡ ಅಂತ ಅವಳಿಗೆ ಹೇಳಿದ್ದು ನಾನು,” ಅಂದಳು. “ಲೈನಿನ ಹುಡುಗಿ ಹೋದ್ರೆ ಹೋಗ್ಲಿ ಅಂದೆ.”

“ಗೊತ್ತು ಅತ್ತೆ.”

“ಯಾವಾಗಿಂದ?”

“ಅವಳು ಎಲ್ಲರ ಮುಂದೆ ಒಪ್ಕೊಂಡ ರಾತ್ರೀನೇ, ಕೋಣೆಗೆ ಬಂದ್ಮೇಲೆ. ಅವಳು ಅದನ್ನೇ ಮೊದಲು ಹೇಳಿ ಅತ್ತಿದ್ದು.”

“ಇಷ್ಟು ದಿನ ಸುಮ್ನಿದ್ದೆಯಲ್ಲ?”

“ನೀವಾಗೇ ಹೇಳ್ತೀರ ಅಂತ ಕಾಯ್ತಿದ್ದೆ.”

ಶಿವಮ್ಮನಿಗೆ ಕಿವಿಯವರೆಗೆ ಸಿಟ್ಟೇರಿತು. ತನ್ನನ್ನೂ ಆ ಒಂಬತ್ತನೇ ಕ್ಲಾಸಿನ ಬೆಂಚಿನಲ್ಲಿ ಕೂರಿಸಿ, ಬಾಗಿಲು ತೆರೆದಿಟ್ಟುಕೊಂಡು ಇಷ್ಟು ದಿನ ಕಾದಿದ್ದಾಳೆ ಇವಳು. ಕೂಗಿಬಿಡೋಣ ಅಂತ ಬಾಯಿ ತೆರೆದಳು. ಕೂಗಲು ಏನೂ ಸಿಗಲಿಲ್ಲ. ದಿವ್ಯಶ್ರೀ ಇಡ್ಲಿಪಾತ್ರೆಯ ಮುಚ್ಚಳ ತೆಗೆದಳು, ಹಬೆ ಇಬ್ಬರ ಮುಖಕ್ಕೂ ಹೊಡೆಯಿತು.

“ನಿಂಗನ ಲೈನ್ ಯಾವುದು?” ಅಂತ ಶಿವಮ್ಮ ಕೇಳಿದಳು.

ಎಸ್ಟೇಟಿನ ಗೇಟು ದಾಟಿ ಎಡಕ್ಕೆ ಕೊನೆಯ ಮನೆ, ತೋರಿಸಲು ನಾನೂ ಬರುತ್ತೇನೆ ಅಂದಳು ದಿವ್ಯಶ್ರೀ.

“ಬೇಡ. ನಾನೇ ಹೋಗಿ ಬರ್ತೀನಿ,” ಅಂದಳು ಶಿವಮ್ಮ. ಹಿಟ್ಟಿನ ಕೈ ತೊಳೆದು, ಚಪ್ಪಲಿ ಮೆಟ್ಟಿ ಹಿತ್ತಿಲ ಬಾಗಿಲಿನಿಂದ ಹೊರಟಳು.